ಓಡಕ್ ಹೋದವರು ಓಡಿಹೋದ ಪ್ರಕರಣ

ಮದರಾಸಿನ ನಮ್ಮ ಅಡಯಾರಿನ ಕನ್ನಡ ಸ್ನೇಹ ಸಂಘದ ಆಜೀವ ಸದಸ್ಯರಾದ ಶ್ರೀ ಮಹದೇವ ಅವರು ಓಡಿಹೋಗಿದ್ದಾರೆ. ಅವರು ಪ್ರತಿದಿನ ಬೆಳಿಗ್ಗೆ ಬೆಸೆಂಟ್ ನಗರದ ಕಡಲ ದಂಡೆಯಿಂದ ಮನೆಗೆ ಬಂದು, ಸ್ನಾನ ಮಾಡಿ, ತಿಂಡಿ ತಿಂದು, ಗಿಂಡಿ ಬಡಾವಣೆಯ ಪಂಪ್ ಕಂಪನಿಯಲ್ಲಿರುವ ತಮ್ಮ ಕಚೇರಿಗೆ ಹೋಗುತ್ತಾರೆ. ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಹೊರಗಿನವರು ತಕರಾರು ತೆಗೆಯಬಹುದು. ಸಂಘದ ನಿಯಮಾವಳಿಯನ್ನು ಓದಿದವರು ತೆಗೆಯುವುದಿಲ್ಲ. ಅದನ್ನು ಓದಿದವರು ಕಾರ್ಯದರ್ಶಿ ಮಧ್ವರಾಜರೊಬ್ಬರೇ ಆದ್ದರಿಂದ ಸಂಘದೊಳಗೆ ತಕರಾರಿನ ಪ್ರಶ್ನೆಯೇ ಎದ್ದಿಲ್ಲ.

ಸಂಘದ ಪ್ರಚಾರ ಕಾರ್ಯದರ್ಶಿಯಾದ ಕೃಷ್ಣಪ್ರಸಾದನೆಂಬ ನಾನು ಈ ಪ್ರಕರಣವನ್ನು ನಡೆದದ್ದು ನಡೆದಂತೆ ನಿವೇದಿಸುತ್ತಿದ್ದೇನೆ. ನನಗೆ ಮಹದೇವರ ಮೇಲೆ ದ್ವೇಷವಿಲ್ಲ. ಉಪ್ಪಿಟ್ಟಿನ ಮೇಲೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮಹದೇವರು ಬನ್ನೂರಿನ ಕಡೆಯವರು. ಐವತ್ತು ದಾಟಿದ ಮೇಲೆ ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗತೊಡಗಿತ್ತು. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ಒಳಗೆ ಬಿಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ಹೆಂಡತಿ ಪಾವನಾ ಅದೇ ಸಂಜೆ ಕಿತ್ತಳೆ ಬಣ್ಣದ ಒಂದು ಜೊತೆ ಬೂಟು ತಂದಿಟ್ಟರು. ಬೂಟು ಬಹಳ ದಿನ ಡಬ್ಬದಲ್ಲೇ ವಿಶ್ರಾಂತಿ ಪಡೆಯಿತು. ಕೊನೆಗೊಂದು ಭಾನುವಾರ ಮಹದೇವರು ಮನಸ್ಸು ಗಟ್ಟಿ ಮಾಡಿ ಅದನ್ನು ಕಾಲಿಗೆ ಹಾಕಿಕೊಂಡರು.

ಅದೇ ಭಾನುವಾರ ಬೆಳಿಗ್ಗೆ ನಮ್ಮ ಕಾರ್ಯಕಾರಿ ಸಮಿತಿಯ ಸಭೆ. ಸಭೆಗೆ ಎಲ್ಲರಿಗಿಂತ ಮೊದಲು ಬಂದು ಉಪ್ಪಿಟ್ಟಿನ ಪಾತ್ರೆಯ ಪಕ್ಕ ಕುರ್ಚಿ ಹಿಡಿಯುವುದು ಮಹದೇವರ ಪದ್ಧತಿ. ಅಂದಂತೂ ಅವರು ಬರಲೇಬೇಕಿತ್ತು, ಏಕೆಂದರೆ ಅವರ ತಾಯಿ ಪುಟ್ಟತಾಯಮ್ಮನವರ ಎಂಬತ್ತರ ಊಟಕ್ಕೆ ಸಂಘದ ಹಾಲ್ ಕೊಡುವ ವಿಷಯ ಅಂದೇ ತೀರ್ಮಾನವಾಗಬೇಕಿತ್ತು. ಪುಟ್ಟತಾಯಮ್ಮ ಹುಟ್ಟಿದ ದಿನ ಯಾವುದೆಂದು ಬರೆದಿಟ್ಟವರಿಲ್ಲ. ಕಾವೇರಿ ಉಕ್ಕಿ ತೋಟದೊಳಕ್ಕೆ ಬಂದ ವರ್ಷ ಎಂದಷ್ಟೇ ಲೆಕ್ಕ. ಅವರ ಹೆಸರಿನಲ್ಲಿ ಜನ್ಮದಲ್ಲಿ ಒಂದು ಪಾಯಸವೂ ಆದದ್ದಿಲ್ಲ. ಮಗನ ಜೊತೆ ಮದರಾಸಿಗೆ ಬಂದ ಮೇಲೆ ಕಂಡವರ ಸೀಮಂತ, ಕಂಡವರ ನಾಮಕರಣ ಎಂದು ಈ ಹಾಲ್‌ನಲ್ಲೇ ಉಂಡು ಉಂಡು ಅವರಿಗೊಂದು ಆಸೆ ಹುಟ್ಟಿತ್ತು. ಬನ್ನೂರಿನ ನೆಂಟರೆಲ್ಲ ರೈಲು ಹತ್ತಿ ಬರಬೇಕು, ಇದೇ ಹಾಲ್‌ನಲ್ಲಿ ಸಾಲಾಗಿ ಕೂರಬೇಕು, ತಮ್ಮ ಹೆಸರಿನಲ್ಲಿ ಒಬ್ಬಟ್ಟು ತಿನ್ನಬೇಕು, ಅದನ್ನು ತಮ್ಮ ಓರಗಿತ್ತಿ ಜಾನಕಮ್ಮ ಕಣ್ಣಾರೆ ನೋಡಬೇಕು. ಇಷ್ಟೇ ಅವರು ಕೇಳಿದ್ದು. ಮಗನ ಹತ್ತಿರ ಅವರು ಬಾಯಿಬಿಟ್ಟು ಕೇಳಿದ್ದೂ ಅದೊಂದೇ.

ಉಪ್ಪಿಟ್ಟು ಬಂತು, ಮಹದೇವರು ಬರಲಿಲ್ಲ. ಇದು ಸಂಘದ ಚರಿತ್ರೆಯಲ್ಲೇ ಮೊದಲು. ಮಧ್ವರಾಜರು ಗಾಬರಿಯಾಗಿ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಪುಟ್ಟತಾಯಮ್ಮ ತೆಗೆದುಕೊಂಡರು.

ಇಲ್ಲಿ ಸ್ವಲ್ಪ ವ್ಯಾಕರಣ ಅಗತ್ಯ. ಬನ್ನೂರಿನ ಕಡೆ 'ಓಡಕ್ ಹೋಗವ್ನೆ' ಎಂದರೆ ಓಡುವುದಕ್ಕೆ ಹೋಗಿದ್ದಾನೆ ಎಂದು. 'ಓಡೋಗವ್ನೆ' ಎಂದರೆ ಪರಾರಿಯಾಗಿದ್ದಾನೆ ಎಂದು. ಮೊದಲನೆಯದು ವ್ಯಾಯಾಮ, ಎರಡನೆಯದು ಮರ್ಯಾದೆಯ ಪ್ರಶ್ನೆ. ನಡುವೆ ಇರುವುದು ಒಂದೇ ಒಂದು 'ಕ್'. ಪುಟ್ಟತಾಯಮ್ಮ ಆ 'ಕ್' ಅನ್ನು ಹೇಳಿದ್ದರೆಂದು ಇವತ್ತಿಗೂ ಆಣೆ ಮಾಡುತ್ತಾರೆ. ಅದು ನಮ್ಮ ಮೇಜಿಗೆ ಬರಲಿಲ್ಲ. ಮಧ್ವರಾಜರ ಮನೆಯವರು ಮೂರು ತಲೆಮಾರಿನಿಂದ ಟ್ರಿಪ್ಲಿಕೇನಿನಲ್ಲಿದ್ದಾರೆ, ಅವರ ಕನ್ನಡದೊಳಗೆ ತಮಿಳು ಸಾರಿನೊಳಗಿನ ಹುಣಿಸೆಯಂತೆ ಕರಗಿದೆ. ಅವರ ಕಿವಿಗೆ ಬಿದ್ದದ್ದು ಓಡಿಪ್ಪೋಯಿಟ್ಟಾರು, ಪರಾರಿ ಎಂದೇ.

ಯಾವಾಗ ಎಂದು ಅವರು ಕೇಳಿದರು. ಬೆಳಕು ಹರಿಯುವ ಮುಂಚೆ ಎಂದು ಉತ್ತರ ಬಂತು. ಹೆಂಡತಿಗೆ ಗೊತ್ತೇ? ಅವಳು ಮಲಗಿದ್ದಳು, ಎಬ್ಬಿಸದೆ ಹೋದ. ಏನಾದರೂ ತೆಗೆದುಕೊಂಡು ಹೋಗಿದ್ದಾರೆಯೆ? ಹೊಸ ಬೂಟು, ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು.

"ಯಾರ ಜೊತೆ, ಅಮ್ಮಾ?" ಎಂದು ಮಧ್ವರಾಜರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಅದೇನೋ ಒಂದ್ ಗುಂಪೈತಂತೆ ಕಣಪ್ಪ, ಬೀಚತ್ರ. ಹೆಂಗಸ್ರೂ ಅವ್ರಂತೆ. ಇನ್ಮೇಲೆ ದಿನಾ ಹೋಯ್ತಾನಂತೆ."

ಒಬ್ಬ ಮನುಷ್ಯ ದಿನಾ ಓಡಿಹೋಗುವುದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಉಪ್ಪಿಟ್ಟು ಆರುತ್ತಿತ್ತು.

ನಿಯಮಾವಳಿಯ ಹದಿನೇಳನೆಯ ಕಲಮು ಓಡಿಹೋದ ಸದಸ್ಯರಿಗೇ ಮೀಸಲು. ಹಿಂದೊಮ್ಮೆ ಸಂಗೀತ ವಿಭಾಗದ ಸದಸ್ಯರೊಬ್ಬರು ಉಂಡೂ ಹೋದ ಕೊಂಡೂ ಹೋದ ಎನ್ನುವಂತೆ ಯುಗಾದಿ ಊಟ ಮುಗಿಸಿ ಸಂಘದ ಹಾರ್ಮೋನಿಯಂ ಸಮೇತ ಕಣ್ಮರೆಯಾದಾಗ ಅದನ್ನು ಬರೆಯಲಾಯಿತು. ಓಡಿಹೋದವರ ಹೆಸರಿನಲ್ಲಿರುವ ಹಾಲ್ ಬುಕಿಂಗ್, ಬುಕಿಂಗಿನ ಕೋರಿಕೆ ತಕ್ಷಣ ರದ್ದು; ಅವರನ್ನು ಹಿಡಿದು ತರಲು ಶೋಧನಾ ಸಮಿತಿ ನೇಮಿಸತಕ್ಕದ್ದು; ಶೋಧನೆ ನಡೆಯುವಷ್ಟು ಕಾಲ ಸಮಿತಿಯ ಬೆಳಗಿನ ತಿಂಡಿ ಸಂಘದ ಖರ್ಚು. ಈ ಕೊನೆಯ ವಾಕ್ಯವನ್ನು ಮಧ್ವರಾಜರು ಓದಿದಾಗ ಸಭೆಯಲ್ಲಿ ಮಹದೇವರ ಬಗ್ಗೆ ತೀವ್ರ ಕಳಕಳಿ ವ್ಯಕ್ತವಾಯಿತು. ಅಧ್ಯಕ್ಷರಾಗಿ ಮಧ್ವರಾಜರು, ಸದಸ್ಯರಾಗಿ ಉಪಾಧ್ಯಕ್ಷೆ ಭೀಮಾಬಾಯಿಯವರು, ರೈಲ್ವೆಯಿಂದ ನಿವೃತ್ತರಾದ ವಿಶ್ವನಾಥರು ಮತ್ತು ನಾನು ಸರ್ವಾನುಮತದಿಂದ ಆಯ್ಕೆಯಾದೆವು. ನಿರ್ಣಯ ಅಂಗೀಕಾರವಾಯಿತು.

ಅಂಗೀಕಾರವಾಗಿ ಚಪ್ಪಾಳೆ ನಿಲ್ಲುವಷ್ಟರಲ್ಲಿ ಮಹದೇವರು ಬಾಗಿಲಲ್ಲಿ ಕಾಣಿಸಿಕೊಂಡರು. ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು, ಮುಖ ಬೂಟಿನ ಬಣ್ಣಕ್ಕೆ ತಿರುಗಿತ್ತು. ತಡವಾಯಿತು ಎಂದು ಕ್ಷಮೆ ಕೇಳಿ ಉಪ್ಪಿಟ್ಟಿನ ಕಡೆ ಕೈ ಚಾಚಿದರು. ಮಧ್ವರಾಜರು ಪಾತ್ರೆಯ ಮುಚ್ಚಳ ಮುಚ್ಚಿದರು.

"ಮಹದೇವ, ನೀವು ಓಡಿಹೋಗಿದ್ದೀರಿ."

"ಇಲ್ಲ ಸಾರ್, ಇಲ್ಲೇ ಇದೀನಲ್ಲ."

"ಇದ್ದೀರಿ, ಕಂಡಿಪ್ಪಾ ಇದ್ದೀರಿ. ಆದ್ರೆ ನಿರ್ಣಯ ಪಾಸಾಗಿಬಿಟ್ಟಿದೆ ಪಾರುಂಗೋ. ಅದನ್ನ ವಾಪಸ್ ತೊಗೊಳ್ಳೋಕೆ ಯುಗಾದಿ ಮಹಾಸಭೆಗೇ ಆಗೋದು."

ಮಹದೇವರು ನಕ್ಕರು. ಬೇರೆ ಯಾರೂ ನಗದ್ದನ್ನು ಕಂಡು ನಿಲ್ಲಿಸಿದರು. ಯುಗಾದಿಗೆ ಇನ್ನೂ ಬಹಳ ದಿನವಿತ್ತು, ಅಮ್ಮನ ಊಟ ಸಂಕ್ರಾಂತಿ ಕಳೆದ ಮೊದಲ ಭಾನುವಾರ. ನೆಂಟರೆಲ್ಲ ಟಿಕೆಟ್ ಮಾಡಿಸಿಯಾಗಿತ್ತು. ಹಾಲ್ ಬೇಕೆಂದರೆ ಏನು ಮಾಡಬೇಕು ಎಂದು ಅವರು ಬಹಳ ಮೆತ್ತಗೆ ಕೇಳಿದರು. ಸಮಿತಿ ನಿಮ್ಮನ್ನು ಹಿಡಿಯಬೇಕು ಎಂದು ಮಧ್ವರಾಜರು ವಿವರಿಸಿದರು. ಹಾಗಾದರೆ ಹಿಡಿಯಿರಿ ಎಂದು ಮಹದೇವರು ಎರಡೂ ಕೈ ಮುಂದೆ ಚಾಚಿದರು. ಹಾಗೆ ಆಗುವುದಿಲ್ಲ, ನಿಂತವನನ್ನು ಹಿಡಿದರೆ ಅದು ಭೇಟಿ, ಓಡುತ್ತಿರುವವನನ್ನು ಹಿಡಿದರೆ ಮಾತ್ರ ಅದು ಹಿಡಿದಂತೆ ಎಂದು ಕಲಮಿನಲ್ಲಿತ್ತು. ಆ ಸಂಜೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾನು ಹಾಕಿದ ಪ್ರಕಟಣೆ ಹೀಗಿತ್ತು:

'ಓಡಿಹೋಗಿರುವ ಸದಸ್ಯ ಶ್ರೀ ಮಹದೇವ ಅವರನ್ನು ಕಂಡವರು ಕೂಡಲೇ ಸಂಘಕ್ಕೆ ತಿಳಿಸತಕ್ಕದ್ದು. ಗುರುತು: ಕಿತ್ತಳೆ ಬೂಟು, ಏದುಸಿರು. ಅವರಿಗೆ ಉಪ್ಪಿಟ್ಟು ನೀಡಿ ಆಶ್ರಯ ಕೊಟ್ಟವರ ಮೇಲೆ ಕ್ರಮ ಜರುಗಿಸಲಾಗುವುದು.'

ಇದಕ್ಕೆ ಮೊದಲು ಹೆಬ್ಬೆಟ್ಟು ಒತ್ತಿದವರು ಮಹದೇವರೇ. ಶಿಸ್ತಿನ ಮನುಷ್ಯ.

ಮರುದಿನ ಬೆಳಿಗ್ಗೆ ಸಮಿತಿ ಬೆಸೆಂಟ್ ನಗರದ ಕಡಲ ದಂಡೆಗೆ ಹೊರಟಿತು. ಹಿಡಿಯುವುದು ಸುಲಭ ಎಂದು ಎಲ್ಲರಿಗೂ ಗೊತ್ತಿತ್ತು. ಆಗಿನ ಮಹದೇವರ ಓಟ ಹೇಗಿತ್ತೆಂದರೆ, ಒಂದು ದೀಪದ ಕಂಬದಿಂದ ಇನ್ನೊಂದು ಕಂಬದವರೆಗೆ ಓಡಿ ಎರಡನೆಯ ಕಂಬವನ್ನು ತಬ್ಬಿಕೊಳ್ಳುತ್ತಿದ್ದರು. ಪಕ್ಕೆ ಚುಚ್ಚುತ್ತದೆ ಎನ್ನುವರು, ಬೂಟು ಕಚ್ಚುತ್ತದೆ ಎನ್ನುವರು, ರಸ್ತೆ ಏರು ಎನ್ನುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಸಮುದ್ರದ ದಂಡೆಯಲ್ಲಿ ಏರು ಎಲ್ಲಿಂದ ಬರಬೇಕು? ಕೈ ಹಿಡಿದು ವಾಕಿಂಗ್ ಬಂದ ಮುದಿ ದಂಪತಿಗಳು ಅವರನ್ನು ಹಿಂದೆ ಹಾಕಿ ಹೋದರು. ಒಂದು ಬೀದಿನಾಯಿ ಸ್ವಲ್ಪ ದೂರ ಬೊಗಳುತ್ತ ಅಟ್ಟಿಸಿಕೊಂಡು ಬಂದು, ಇದರಲ್ಲಿ ಸ್ವಾರಸ್ಯವಿಲ್ಲವೆಂದು ಕಂಡು ಮಲಗಿತು.

ತೊಂದರೆ ಅಲ್ಲಿರಲಿಲ್ಲ. ಮೊದಲ ದಿನದ ಶೋಧನೆಗೆ ಮುಂಚೆ ಸಮಿತಿ ಪೊಂಗಲ್, ವಡೆ, ಡಿಗ್ರಿ ಕಾಫಿ ಸೇವಿಸಿತ್ತು. ಬಾಳೆ ಎಲೆಯ ಮೇಲೆ ಹೊಗೆಯಾಡುವ ಆ ಪೊಂಗಲ್ಲನ್ನು ನೋಡುತ್ತ ನಾಲ್ವರಿಗೂ ಒಂದೇ ಸತ್ಯ ಒಟ್ಟಿಗೇ ಹೊಳೆದಿತ್ತು: ಹಿಡಿದರೆ ಶೋಧನೆ ಮುಗಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸುಸಂಸ್ಕೃತರು ಇಂಥದ್ದನ್ನು ಹೇಳುವುದಿಲ್ಲ.

ಹೀಗಾಗಿ ಮಹದೇವರು ಹಿಡಿಸಿಕೊಳ್ಳಲೆಂದು ನಿಧಾನವಾದರೆ ನಾವು ಇನ್ನೂ ನಿಧಾನವಾದೆವು. ಅವರು ನಿಂತರೆ ನಾವು ನಿಂತು ಎಳನೀರು ಕುಡಿದೆವು. ಅವರು ಓಡುತ್ತಲೇ ಕೈಗಳನ್ನು ಹಿಂದಕ್ಕೆ ಚಾಚಿ, ದಮ್ಮಯ್ಯ ಹಿಡ್ಕೊಳ್ಳಿ ಸಾರ್ ಎಂದು ಅಂಗಲಾಚಿದರು. ಒಂದು ದಿನ ವಿಶ್ವನಾಥರ ಬೆರಳು ಆಕಸ್ಮಿಕವಾಗಿ ಅವರ ಮೊಣಕೈಗೆ ತಾಕಿತು. ವಿಶ್ವನಾಥರು ಆ ಕ್ಷಣವೇ ಕೈ ಹಿಂತೆಗೆದು ಸಾರಿ ಕೇಳಿದರು. ಅದನ್ನು ಸ್ಪರ್ಶವೆಂದಲ್ಲ, ಗಾಳಿಯೆಂದು ಸಮಿತಿ ಪರಿಗಣಿಸಿತು. ಭೀಮಾಬಾಯಿಯವರು ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಎಲ್ಲರ ಹಿಂದೆ ಬರುತ್ತಿದ್ದರು. ಮಹದೇವರು ಕಂಬ ತಬ್ಬಿಕೊಂಡಾಗಲೆಲ್ಲ ಅವರು, ಇನ್ನೊಂದು ಕಂಬ ಹೋಗಬಹುದು ನೋಡಿ, ನಾವು ಇದ್ದೇವೆ ಎಂದು ಹುರಿದುಂಬಿಸುತ್ತಿದ್ದರು.

ಇನ್ನೊಂದು ಕಂಬ, ಇನ್ನೊಂದು ಕಂಬ ಎನ್ನುತ್ತ ಕಾರ್ತಿಕ ಕಳೆಯಿತು. ಮಹದೇವರು ದಂಡೆಯ ಈ ತುದಿಯಿಂದ ಆ ತುದಿಗೆ ಏನನ್ನೂ ತಬ್ಬಿಕೊಳ್ಳದೆ ಓಡಿದ ಬೆಳಿಗ್ಗೆ ನಾವೆಲ್ಲರೂ ಹಿಂದಿನಿಂದ ಚಪ್ಪಾಳೆ ತಟ್ಟಿದೆವು. ಅವರು ತಿರುಗಿ ನೋಡಿ ನಕ್ಕರು. ಆಮೇಲೆ ಹಾಲ್ ನೆನಪಾಗಿ ಅವರ ಮುಖ ಸಣ್ಣದಾಯಿತು. ಅಮ್ಮ ಹೊಸ ಸೀರೆಗೆ ಕುಚ್ಚು ಕಟ್ಟಿಸ್ತಾ ಇದಾರೆ ಸಾರ್ ಎಂದರು. ಅಂದು ನನಗೆ ಪೊಂಗಲ್ ಗಂಟಲಲ್ಲಿ ಇಳಿಯಲಿಲ್ಲ. ವಡೆ ಇಳಿಯಿತು.

ಪರಿಹಾರ ಹುಡುಕಿದವರು ಭೀಮಾಬಾಯಿಯವರು. ಪರಿಹಾರವಾದರೂ ಶೋಧನೆಗೆ ಧಕ್ಕೆ ತರದಂಥದ್ದೇ ಆಗಿರಬೇಕೆಂಬುದು ಅವರ ಕಾಳಜಿ. ಓಡಿಹೋದ ಸದಸ್ಯನ ಅನಾಥ ತಾಯಿಗೆ ಸಂಘ ಏನಾದರೂ ಮಾಡಬೇಡವೆ ಎಂದು ಅವರು ಕೇಳಿದ ಕೂಡಲೇ ಹದಿನೇಳಕ್ಕೆ ಒಂದು ಅನುಕಂಪದ ಉಪಕಲಮು ಸೇರಿತು. ಅದರ ಪ್ರಕಾರ ಮಗ ಓಡಿಹೋಗಿರುವ ತಾಯಿಗೆ ಹಾಲ್ ಉಚಿತ, ಬಡಿಸುವವರು ಸಂಘದವರೇ. ಷರತ್ತು ಒಂದೇ: ಊಟ ಮುಗಿಯುವವರೆಗೆ ಮಗ ಓಡಿಹೋಗಿಯೇ ಇರಬೇಕು. ಅವನು ಸಿಕ್ಕಿಬಿದ್ದರೆ ಅಥವಾ ಸಂಘದವರ ಕಣ್ಣೆದುರು ಸುಮ್ಮನೆ ನಿಂತರೆ, ಎಲೆ ಹಾಕಿದ್ದರೂ ಎತ್ತತಕ್ಕದ್ದು.

ತಾಯಿಯ ಹೇಳಿಕೆ ಬೇಕಿತ್ತು. ಮಹದೇವರೇ ಸ್ಕೂಟರಿನಲ್ಲಿ ಅವರನ್ನು ಕರೆತಂದು, ಗೇಟಿನ ಆಚೆ, ಭೇಟಿಯಾಗದಂತೆ ಬೇವಿನ ಮರದ ಹಿಂದೆ ನಿಂತರು. ನಿಮ್ಮ ಮಗ ಎಲ್ಲಿ ಎಂದು ಮಧ್ವರಾಜರು ಸಭೆಯ ಪರವಾಗಿ ಕೇಳಿದರು. ಪುಟ್ಟತಾಯಮ್ಮ ಒಮ್ಮೆ ಕಿಟಕಿಯಾಚೆ ನೋಡಿದರು. ಮರದ ಎರಡೂ ಕಡೆ ಮಗ ಕಾಣುತ್ತಿದ್ದ. ಅವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಆಮೇಲೆ ಅವರು ಹಾಲ್ ಸುತ್ತ ಕಣ್ಣಾಡಿಸಿದರು, ಜಾನಕಮ್ಮ ಕೂರಬೇಕಾದ ಜಾಗದ ಮೇಲೆ ಅವರ ದೃಷ್ಟಿ ನಿಂತಿತು.

"ಓಡೋಗವ್ನೆ," ಎಂದರು.

ಹೊರಗೆ ಬಂದ ಮೇಲೆ ಅವರು ನನ್ನ ಕೈ ಹಿಡಿದು, "ನಾನು ಸುಳ್ಳೇಳ್ಲಿಲ್ಲ ಕಣಪ್ಪ, ಒಂದಕ್ಷರ ನುಂಗ್ಬುಟ್ಟೆ ಅಷ್ಟೇಯ," ಎಂದರು. ನಾನು ಸಮಾಧಾನ ಹೇಳಿದೆ. ಆ ಅಕ್ಷರವನ್ನು ಸಂಘ ಅದಾಗಲೇ ಒಮ್ಮೆ ನುಂಗಿತ್ತಲ್ಲ.

ಇಲ್ಲಿಂದ ಕೆಲಸ ತಲೆಕೆಳಗಾಯಿತು. ಇಲ್ಲಿಯವರೆಗೆ ಹಿಡಿಸಿಕೊಳ್ಳಲು ಒದ್ದಾಡಿದ ಮಹದೇವರು ಈಗ ಯಾರ ಕೈಗೂ ಸಿಗಬಾರದಿತ್ತು. ಇಷ್ಟು ದಿನ ಅವರನ್ನು ಹಿಡಿಯದೆ ಇರಲು ಓಡಿ ಓಡಿ ನಾವು ಗಟ್ಟಿಮುಟ್ಟಾಗಿದ್ದೆವು. ಅದರಲ್ಲೂ ವಿಶ್ವನಾಥರು. ಸೇವೆಯಲ್ಲಿದ್ದಾಗ ರೈಲಿಗೆ ಹಸಿರು ನಿಶಾನೆ ತೋರಿಸಿ ತಾವು ನಿಂತಲ್ಲೇ ನಿಂತಿರುತ್ತಿದ್ದ ಆ ಮನುಷ್ಯನಿಗೆ ಈಗ ಕಾಲಿನ ರುಚಿ ಹತ್ತಿತ್ತು. ನಿಧಾನ, ನಿಧಾನ ಎಂದು ಮಧ್ವರಾಜರು ಹಿಂದಿನಿಂದ ಅಂಗಿ ಹಿಡಿದು ಎಳೆಯಬೇಕಾಗುತ್ತಿತ್ತು.

ಆ ಭಾನುವಾರ ಬಂತು. ಕೋಯಂಬೇಡು ಮಾರುಕಟ್ಟೆಯಿಂದ ಬಾಳೆ ಎಲೆ, ಬೂದುಗುಂಬಳ ಬಂದವು. ಸೆಂಟ್ರಲ್ ಸ್ಟೇಷನ್ನಿನಿಂದ ಬನ್ನೂರಿನ ನೆಂಟರು ಬಂದರು. ಹಾಲ್‌ಗೆ ಮಾವಿನ ತೋರಣ ಕಟ್ಟಿದ್ದಾಯಿತು, ಪುಟ್ಟತಾಯಮ್ಮ ಕುಚ್ಚಿನ ಸೀರೆಯುಟ್ಟು ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಅಮ್ಮನ ಊಟದ ದಿನ ಮಗ ದೂರದ ಸಮುದ್ರದ ದಂಡೆಯಲ್ಲಿ ಓಡುತ್ತಾನೆಯೆ? ಕಿತ್ತಳೆ ಬೂಟು ಹಾಲ್ ಇರುವ ಬೀದಿಯಲ್ಲೇ ಕಾಣಿಸಿತು. ಮಹದೇವರು ಹಾಲ್‌ಗೆ ಪ್ರದಕ್ಷಿಣೆ ಹಾಕತೊಡಗಿದರು. ನಿಲ್ಲುವಂತಿಲ್ಲ, ನಿಂತರೆ ಭೇಟಿ.

ಕಣ್ಣೆದುರು ಆರೋಪಿ ಓಡುತ್ತಿರುವಾಗ ಸಮಿತಿ ಒಳಗೆ ಕೂತು ಉಣ್ಣುವುದು ನಿಯಮಕ್ಕೆ ವಿರುದ್ಧ. ಒಬ್ಬಟ್ಟಿನ ಎರಡನೆಯ ಸುತ್ತಿನಲ್ಲೇ ನಾವು ಕೈ ತೊಳೆದು ಎದ್ದೆವು. ಮುಂದೆ ಮಹದೇವರು, ಹಿಂದೆ ರೇಷ್ಮೆ ಪಂಚೆ ಎತ್ತಿ ಕಟ್ಟಿದ ಮಧ್ವರಾಜರು, ವಿಶ್ವನಾಥರು, ನಾನು, ಕಚ್ಚೆಯ ಭೀಮಾಬಾಯಿ. ಬೀದಿಯ ತರಕಾರಿ ಗಾಡಿಯವನು ದಾರಿ ಬಿಟ್ಟ. ನೆಂಟರು ಎಲೆ ಬಿಟ್ಟು ಕಿಟಕಿಗೆ ಬಂದರು. ಪ್ರತಿ ಸುತ್ತಿಗೂ ಗೇಟಿನ ಬಳಿ ಬಂದಾಗ ಪುಟ್ಟತಾಯಮ್ಮ ತುಪ್ಪ ಸವರಿದ ಒಬ್ಬಟ್ಟನ್ನು ಮಡಿಚಿ ಹಿಡಿಯುವರು, ಮಗ ಓಡುತ್ತಲೇ ಬಾಯಿಗೆ ಹಾಕಿಕೊಳ್ಳುವನು. ಪಾವನಾ ಹಿಂದೆಯೇ ನಿಂತು, ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆ ಎಂದು ನೆನಪಿಸುವರು.

ಆಗ ವಿಶ್ವನಾಥರು ಮೈಮರೆತರು. ಒಬ್ಬಟ್ಟಿನ ಬಲವೋ ನೆಂಟರ ಶಿಳ್ಳೆಯೋ, ಅವರು ನಮ್ಮೆಲ್ಲರನ್ನೂ ಬಿಟ್ಟು ಮುನ್ನುಗ್ಗಿದರು. ಮಧ್ವರಾಜರು ರೂಲು, ರೂಲು ಎಂದು ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ. ಅವರ ಕೈ ಮಹದೇವರ ಬೆನ್ನಿಗೆ ಗೇಣು ದೂರದಲ್ಲಿತ್ತು. ಒಳಗೆ ಸಾರಿನ ಬಕೆಟ್ ಹಿಡಿದವರು ಹಾಗೆಯೇ ನಿಂತರು; ಈ ಕೈ ತಾಕಿದರೆ ಅಷ್ಟೂ ಎಲೆ ಎತ್ತಬೇಕು. ಪುಟ್ಟತಾಯಮ್ಮ ಕುರ್ಚಿಯಿಂದ ಎದ್ದು ನಿಂತರು.

"ಓಡು ಮಗ," ಎಂದರು. ಕೂಗಲಿಲ್ಲ, ಮಗ ಸ್ಕೂಲಿಗೆ ಹೊರಟಾಗ ಹೇಳುವ ಹಾಗೆ ಹೇಳಿದರು.

ಮಹದೇವರು ಓಡಿದರು. ಕಂಬ ತಬ್ಬಿಕೊಳ್ಳುತ್ತಿದ್ದ ಮನುಷ್ಯ ಆ ಬೀದಿಯ ಒಂದೊಂದು ಕಂಬವನ್ನೂ ಹಿಂದೆ ಹಾಕಿ ಓಡಿದರು. ಗೇಣು ಮಾರಾಯಿತು, ಮಾರು ಬೀದಿಯಾಯಿತು. ವಿಶ್ವನಾಥರು ಮೂಲೆಯಲ್ಲಿ ನಿಂತು ಕಂಬ ತಬ್ಬಿಕೊಂಡರು. ನನ್ನ ಕಣ್ಣು ತುಂಬಿ ಬಂತು. ಸಮಿತಿಯ ಸದಸ್ಯನಾಗಿ ನಾನು ಹಾಗೆ ಸಂತೋಷಪಡಬಾರದಿತ್ತು, ಆದರೂ ಪಟ್ಟೆ. ಭೀಮಾಬಾಯಿಯವರೂ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೆವರು ಎಂದರು.

ಜಾನಕಮ್ಮನವರ ರೈಲು ತಡವಾಗಿತ್ತು. ಅವರು ಆಟೋದಿಂದ ಇಳಿದಾಗ ಎರಡನೆಯ ಪಂಕ್ತಿ ಏಳುತ್ತಿತ್ತು. ಹಾಲ್ ನೋಡಿದರು, ತೋರಣ ನೋಡಿದರು, ಕುಚ್ಚು ನೋಡಿದರು. ಪುಟ್ಟತಾಯಮ್ಮನವರಿಗೆ ಬೇಕಾದದ್ದೆಲ್ಲ ಆ ಒಂದು ನೋಟದಲ್ಲಿ ಸಂದಾಯವಾಯಿತು. ಆದರೆ ಜಾನಕಮ್ಮ ಸುಮ್ಮನೆ ಸೋಲುವವರಲ್ಲ. ಅವ್ವನ ಊಟಕ್ಕೆ ಮಗನೇ ಇಲ್ವಲ್ಲ, ಮಾದೇವ ಎಲ್ಲಿ ಎಂದು ಕೇಳಿದರು.

ಪುಟ್ಟತಾಯಮ್ಮ ಈ ಸಲ ಅವಸರ ಮಾಡಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ಆ ಅಕ್ಷರಕ್ಕೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಹೇಳಿದರು: "ಓಡ-ಕ್ ಹೋಗವ್ನೆ."

ಸರಿಯಾಗಿ ಆ ಅಕ್ಷರದ ಮೇಲೆಯೇ ಒಳಗೆ ನಾದಸ್ವರದವನು ಶುರು ಮಾಡಿದ.

ಜಾನಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ, ಈ ವಯಸ್ಸಲ್ಲಾ? ಯಾರ್ ಜೊತೆ?"

ಆಗ ಬೀದಿಯ ಮೂಲೆಯಲ್ಲಿ ಕಿತ್ತಳೆ ಬೂಟು ಮತ್ತೆ ಕಾಣಿಸಿತು, ಅದರ ಹಿಂದೆ ರೇಷ್ಮೆ ಪಂಚೆ, ಒಂಬತ್ತು ಗಜದ ಸೀರೆ, ಕುಂಟುತ್ತ ವಿಶ್ವನಾಥರು, ನಾನು. ಪುಟ್ಟತಾಯಮ್ಮ ಇನ್ನೊಂದು ಒಬ್ಬಟ್ಟು ಮಡಿಚುತ್ತ ಗಲ್ಲದಲ್ಲೇ ನಮ್ಮ ಕಡೆ ತೋರಿಸಿದರು.

"ಅವ್ರೆಲ್ರ ಜೊತೆ," ಎಂದರು.

ಜಾನಕಮ್ಮ ನಾವು ದಾಟಿ ಹೋಗುವವರೆಗೂ ನೋಡಿ, ಜನ ಒಳ್ಳೇರಂಗೆ ಕಾಣ್ತಾರೆ ಬುಡು ಎಂದು ಹೇಳಿ, ಕೈ ತೊಳೆದುಕೊಂಡು ಎಲೆಯ ಮುಂದೆ ಕೂತರು.